ಕ್ಯಾಲೆಂಡರಿನಿಂದ ಹರಿದ ಹಾಳೆ

ತಂಗಿ ಒಬ್ದುಲಿಯಾ,

ನಿನ್ನೆ ನಿನ್ನ ಮಗಳು ಮರಿಕ್ರೂಸ್ ತನ್ನ ಕೂಸಿಗೆ ನಿನ್ನ ಹೆಸರನ್ನೇ ಇಟ್ಟಳು. ಚರ್ಚಿನಲ್ಲಿ ಪಾದ್ರಿ ಆ ಹೆಸರು ಕರೆದಾಗ ಯಾರೂ ನಗಲಿಲ್ಲ. ಪಟ್ಟಣದವರಿಗೆ ಈಗ ಅಜ್ಜಿಯರ ಹೆಸರೇ ಚೆಂದವಂತೆ. ಇದೇ ಹೆಸರಿಗೆ ಊರೆಲ್ಲ ನಕ್ಕಿದ್ದಕ್ಕೆ ನೀನು ಮೆಕ್ಸಿಕೋ ನಗರಕ್ಕೆ ಹೋಗಿ ನ್ಯಾನ್ಸಿ ಆದೆ, ಸಾಯುವವರೆಗೂ ಈ ಕಡೆ ತಲೆ ಹಾಕಲಿಲ್ಲ.

ಊಟಕ್ಕೆ ಕೂತಾಗ ಮರಿಕ್ರೂಸ್ ಕೇಳಿದಳು:

"ಮಾವ, ಅಮ್ಮ ಹುಟ್ಟಿದ ದಿನ ಯಾವ ಸಂತರದು ಅಂತ ಕ್ಯಾಲೆಂಡರ್ ನೋಡಿ ಹೇಳಿದ್ದು ನೀನೇ ಅಂತೆ?"

"ಮತ್ತಿನ್ಯಾರು? ಮನೇಲಿ ಓದು ಬರ್ತಿದ್ದವನು ನಾನೊಬ್ಬನೇ. ಮೂರನೇ ಕ್ಲಾಸು! ಆಗ ಹುಟ್ಟಿದ ದಿನದ ಸಂತರ ಹೆಸರೇ ಕೂಸಿಗೆ; ನಾನು ಓದಿದ್ದೇ ಹೆಸರು."

"ಎಂಥಾ ಒಳ್ಳೇ ಹೆಸರು ಓದಿದೆ, ಮಾವ."

ಆ ದಿನದ ಹಾಳೆಯಲ್ಲಿದ್ದದ್ದು ರೊಸಾಲಿಯಾ, ತಂಗಿ. ಒಬ್ದುಲಿಯಾ ಮರುದಿನದ ಹೆಸರು, ಕೇಳಿದರೇ ನಗು ಬರುವಂತಿತ್ತು. ನಾನು ಮೊದಲ ಹಾಳೆ ಹರಿದು ಒಲೆಗೆ ಹಾಕಿ, ಎರಡನೆಯದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದೆ.

ಮರಿಕ್ರೂಸ್ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಹೆಸರು ಹಿಡಿದು ಕರಿ, ಮಾವ" ಅಂದಳು. ನಾನು ಬಗ್ಗಿ, ಯಾರಿಗೂ ಕೇಳಿಸದ ಹಾಗೆ, ಅದರ ಕಿವಿಯಲ್ಲಿ ಒಂದೇ ಸಲ "ರೊಸಾಲಿಯಾ" ಅಂದೆ.

ಕೂಸು ಕಣ್ಣು ಬಿಟ್ಟು ನೋಡಿತು. ಕಣ್ಣು ನಿನ್ನದೇ.

ನಿನ್ನ ಅಣ್ಣ