ನಾನು ಊಳಿಡುವುದಿಲ್ಲ

ಲೆನಿನ್‌ಗ್ರಾಡ್,
೧೫ ಏಪ್ರಿಲ್ ೧೯೮೧, ಬುಧವಾರ

ನನ್ನ ಮುದ್ದು ಕೀರಾ,

ನಿನ್ನಮ್ಮ ಚೆನ್ನಾಗಿದ್ದಾಳೆ. ಅವಳ ಹಟ ಅವಳಿಗಿಂತ ಚೆನ್ನಾಗಿದೆ. ಅಕ್ಷರ ಅಂಕುಡೊಂಕಾಗಿ ಕಂಡರೆ ಬೈದುಕೊಳ್ಳಬೇಡ. ಅಂಚೆ ಕಚೇರಿ ಪಕ್ಕದ ಅಂಗಡಿಯಲ್ಲಿ ಕೊಂಡ ಈ ಪೆನ್ನು ಕಾಗದದ ಮೇಲೆ ಒಂದು ಕಡೆ ನಿಲ್ಲುವುದಿಲ್ಲ.

ನಿನ್ನ ಪತ್ರ ಭಾನುವಾರದ ಕಾರ್ಯಕ್ರಮಕ್ಕೆ ಮುಂಚೆಯೇ ಬಂದಿತ್ತು. ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ಓದಿ, ಮಡಚಿ, ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ಮರುದಿನ ಸಕ್ಕರೆ ತೆಗೆಯುವಾಗ ಕೈಗೆ ಸಿಕ್ಕಿತು, ಮತ್ತೆ ಓದಿದೆ, ಮತ್ತೆ ಸಿಟ್ಟು ಬಂತು. ರೋಸ್ತಿಕ್ ಹೇಳಿದ ಹಾಗೆ ಕೇಳಮ್ಮ, ಪರದೆಯ ಹಿಂದೆ ನಿಂತು ಮುಟ್ಟದೆ ನುಡಿಸುವ ನಿನ್ನ ಆ ಥೆರೆಮಿನ್ ಪೆಟ್ಟಿಗೆಯಿಂದ ಊಳಿಡಿಸು, ಊಳಿಡುವುದರಲ್ಲಿ ತಪ್ಪು ಅಂತ ಇರುವುದಿಲ್ಲ ಎನ್ನುತ್ತೀಯ. ಎಲ್ಲರಿಗೂ ಗೊತ್ತಿರುವ ಹಾಡಾದರೆ ಪುಟ್ಟ ಮಗುವೂ ತಪ್ಪು ಹಿಡಿಯುತ್ತದೆ ಎಂದು ಬರೆದಿದ್ದೀಯ. ಓಮ್ಸ್ಕ್‌ನ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವವಳು ನೀನು. ಅಲ್ಲಿಯೂ ಇದನ್ನೇ ಕಲಿಸುತ್ತೀಯಾ? ತಪ್ಪಾದೀತು, ಹಾಡಬೇಡಿ ಮಕ್ಕಳೇ, ಎಲ್ಲರೂ ನಾಯಿಯ ಹಾಗೆ ಕೂಗಿ, ಅನ್ನುತ್ತೀಯಾ?

ರೋಸ್ತಿಕ್ ನಿನಗೆ ಕಾಗದ ಬರೆದು ಚಾಡಿ ಹೇಳಿದ್ದಾನೆಂದು ಗೊತ್ತಾಯಿತು. ನಿನ್ನ ಜೊತೆ ಒಂದೇ ತರಗತಿಯಲ್ಲಿ ಓದಿದವನು, ನಮ್ಮ ಅಡುಗೆಮನೆಯಲ್ಲಿ ಕೂತು ನನ್ನ ಕೈಯ ಬ್ಲೀನಿ ದೋಸೆಗಳನ್ನು ಹುಳಿ ಕೆನೆ ಹಚ್ಚಿ ತಿಂದು ಬೆಳೆದವನು. ಈಗ ಕಾರ್ಖಾನೆಯ ಸಾಂಸ್ಕೃತಿಕ ಭವನದ ನಿರ್ದೇಶಕ, ಪೂರ್ತಿ ಹೆಸರಿನ ರೋಸ್ತಿಸ್ಲಾವ್ ಗ್ಲೆಬೊವಿಚ್. ಮನುಷ್ಯ ಅಂತರಿಕ್ಷಕ್ಕೆ ಹಾರಿ ಇಪ್ಪತ್ತು ವರ್ಷವಾಯಿತಲ್ಲ, ಅದಕ್ಕೊಂದು ದೊಡ್ಡ ಸಮಾರಂಭ ಮಾಡುತ್ತೇನೆಂದು ಫೆಬ್ರವರಿಯಲ್ಲೇ ನನ್ನನ್ನು ಕರೆಸಿದ. ವೇದಿಕೆ ಮೇಲೆ ರಾಕೆಟ್ ನಿಲ್ಲಿಸುತ್ತಾನಂತೆ, ಹೊಗೆ ಬಿಡುತ್ತಾನಂತೆ, ನಾನು ಯಾರಿಗೂ ಕಾಣದ ಹಾಗೆ ಒಳಗೆ ನಿಂತು ಊ ಊ ಎನಿಸಬೇಕಂತೆ. ನಾನು ಲಾಲಿ ಹಾಡು ನುಡಿಸುತ್ತೇನೆ ಎಂದೆ. ಯಾವುದು ಎಂದು ನಿನಗೆ ಹೇಳಬೇಕಿಲ್ಲ. ಈ ದೇಶದಲ್ಲಿ ಅದನ್ನು ಕೇಳದೆ ನಿದ್ದೆ ಹೋದ ಮಗು ಇಲ್ಲ.

ಅವನು ನಕ್ಕ. "ಚಿಕ್ಕಮ್ಮ, ಲಾಲಿ ರೇಡಿಯೋದಲ್ಲೂ ಬರುತ್ತೆ. ಅದನ್ನ ಕೇಳೋಕೆ ಬಸ್ ಹತ್ಕೊಂಡು ಯಾರ್ ಬರ್ತಾರೆ? ನಿಮ್ಮ ಪೆಟ್ಟಿಗೆ ಇರೋದೇ ದೆವ್ವಕ್ಕೆ, ಅಂತರಿಕ್ಷಕ್ಕೆ."

"ದೆವ್ವ ಬೇಕಿದ್ರೆ ನೀನೇ ಪರದೆ ಹಿಂದೆ ನಿಂತ್ಕೊಂಡು ಕೂಗಪ್ಪ," ಅಂದೆ. "ನಿಂಗೆ ಕರೆಂಟೂ ಬೇಡ."

ತಕ್ಷಣ ರೋಸ್ತಿಕ್ ಹೋಗಿ ರೋಸ್ತಿಸ್ಲಾವ್ ಗ್ಲೆಬೊವಿಚ್ ಬಂದು ಕೂತ. ನಾನು ಚಿಕ್ಕಮ್ಮ ಹೋಗಿ ರಿಮ್ಮಾ ಯೆಫಿಮೊವ್ನಾ ಆದೆ. ಹೇಳಿದ್ದು ಮಾಡದಿದ್ದರೆ ಇನ್ನು ಮುಂದೆ ಯಾವ ಹಬ್ಬದ ಕಾರ್ಯಕ್ರಮದಲ್ಲೂ ನಿಮಗೆ ಜಾಗವಿರುವುದಿಲ್ಲ ಎಂದು ಮೇಜಿನ ಮೇಲಿನ ಪೆನ್ಸಿಲ್ಲುಗಳನ್ನು ಜೋಡಿಸುತ್ತ ಹೇಳಿದ. ನನಗೆ ಆ ವೇದಿಕೆ ಬಿಟ್ಟರೆ ಬೇರೆ ವೇದಿಕೆ ಇಲ್ಲವೆಂಬುದು ಅವನಿಗೂ ಗೊತ್ತು, ನಿನಗೂ ಗೊತ್ತು.

ಕೀರಾ, ನಾನು ನನ್ನ ವಯಸ್ಸಿನ ಅರ್ಧವನ್ನು ಈ ಪೆಟ್ಟಿಗೆಯ ಮುಂದೆ ನಿಂತು ಕಳೆದಿದ್ದೇನೆ. ನಿನ್ನಪ್ಪ ಹಳೇ ರೇಡಿಯೋಗಳ ಹೊಟ್ಟೆ ಬಗೆದು ಇದನ್ನು ಕಟ್ಟಿಕೊಟ್ಟಾಗ ನೀನಿನ್ನೂ ತೆವಳುತ್ತಿದ್ದೆ. ಆಗ ಸಿನಿಮಾ ಮಂದಿರಗಳ ಮೊಗಸಾಲೆಯಲ್ಲಿ ಚಿತ್ರ ಶುರುವಾಗುವ ಮುನ್ನ ವಾದ್ಯದವರು ನುಡಿಸುತ್ತಿದ್ದರು. ಜನ ಐಸ್‌ಕ್ರೀಂ ನೆಕ್ಕುತ್ತ, ಕೋಟು ಬಿಚ್ಚುತ್ತ ಓಡಾಡುವರು. ನಾನು ಮುಟ್ಟದೆ ನುಡಿಸುವುದನ್ನು ನೋಡಿ ಮೊದಲು ಎಲ್ಲರೂ ಬಾಯಿ ಬಿಡುವರು, ಯಾರೋ ಒಬ್ಬ ಖಂಡಿತ ಬಂದು ದಾರ ಎಲ್ಲಿ ಕಟ್ಟಿದ್ದೀರಿ ಎಂದು ಕೇಳುವನು. ಗೊತ್ತಿಲ್ಲದ್ದು ಏನಾದರೂ ನುಡಿಸಿದರೆ ಕೊನೆಯವರೆಗೂ ಪೆಟ್ಟಿಗೆಯನ್ನೇ ನೋಡುವರು. ಅದೇ ಎಲ್ಲರ ಬಾಯಲ್ಲಿದ್ದ ಯುದ್ಧಕಾಲದ ವಾಲ್ಟ್ಜ್ ಹಾಡು ಎತ್ತಿಕೊಂಡರೆ ಸಾಕು, ಪೆಟ್ಟಿಗೆ ಮರೆತುಹೋಗುತ್ತಿತ್ತು. ಐಸ್‌ಕ್ರೀಂ ಕರಗಿ ಅಂಗೈಗೆ ಇಳಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಿರುವ ಹಾಡೇ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ತಪ್ಪಿದರೆ ಹಿಡಿಯಬಲ್ಲವರ ಮುಂದೆ ನುಡಿಸಿದರೆ ಮಾತ್ರ ಅದು ನುಡಿಸುವುದು.

ಪರದೆಯ ಹಿಂದೆ ನಿಲ್ಲುತ್ತೀರಾ ಎಂದು ರೋಸ್ತಿಸ್ಲಾವ್ ಗ್ಲೆಬೊವಿಚ್ ಮತ್ತೆ ಕೇಳಿದಾಗ ತಲೆಯಾಡಿಸಿದೆ. ಬಾಯಿಬಿಟ್ಟು ಹೂಂ ಅನ್ನಲಿಲ್ಲ, ನೆನಪಿಟ್ಟುಕೋ. ತಲೆ ಆಡಿಸಿದೆ, ಅಷ್ಟೆ.

ಮನೆಯಲ್ಲಿ ಅಭ್ಯಾಸ ಮಾಡಿದೆ. ಗೋಡೆಯಾಚೆಯ ಕ್ಲಾವಾ ಗೊತ್ತಲ್ಲ, ಇದೇ ಫ್ಲಾಟಿನಲ್ಲಿ ಒಂದೇ ಅಡುಗೆಮನೆ ಹಂಚಿಕೊಂಡು ನನ್ನ ಜೊತೆ ಮುದುಕಿಯಾದವಳು. ನಡುವಿನ ಗೋಡೆ ಬರೀ ತೆಳು ಹಲಗೆ, ಈ ಪೆಟ್ಟಿಗೆಗೆ ಹತ್ತಿರ ಬಂದ ಯಾರ ಮೈಯೂ ನನ್ನ ಕೈಯಂತೆಯೇ, ಅವಳು ತನ್ನ ಮಂಚದಿಂದ ಎದ್ದು ಈ ಕಡೆ ಬಂದರೂ ಸಾಕು, ನನ್ನ ಸ್ವರ ಮೇಲಕ್ಕೇರುತ್ತದೆ. ಆಲೂಗೆಡ್ಡೆ ಮಾತ್ರ ತಿಂದ ದಿನ ಕಡಿಮೆ ಏರುತ್ತದೆ ಎಂದು ರೇಗಿಸಿದೆ. ಅವಳು ಪಾತ್ರೆಯಿಂದ ಗೋಡೆ ಬಡಿದಳು. ಆದರೆ ಲಾಲಿ ಶುರು ಮಾಡಿದಾಗೆಲ್ಲ ಆಚೆ ಕಡೆ ಸದ್ದಿಲ್ಲದೆ ಕೂತಿರುತ್ತಿದ್ದಳು. ಅವಳು ಕೂತಿದ್ದಾಳೆಂದು ನನಗೆ ಸ್ವರದಿಂದಲೇ ತಿಳಿಯುತ್ತಿತ್ತು.

ಭಾನುವಾರ ನೀಲಿ ಬ್ಲೌಸು ಹಾಕಿಕೊಂಡೆ. ಗುಂಡಿಗಳನ್ನು ಕ್ಲಾವಾಳೇ ಹಾಕಿದಳು, ಹೊಸ ಬಟ್ಟೆಯ ಕಾಜು ಬಿಗಿ ನೋಡು. ಪೆಟ್ಟಿಗೆಯನ್ನೂ ಅವಳೇ ಮಕ್ಕಳ ಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದಳು. ಸಭಾಂಗಣ ತುಂಬಿ ಬಾಗಿಲ ಬಳಿಯೂ ಜನ ನಿಂತಿದ್ದರು. ನಾನು ಒಳಗೆ ಹೋಗಿ ನೋಡುತ್ತೇನೆ, ರಾಕೆಟ್ಟಿನ ಮೈತುಂಬ ಬೆಳ್ಳಿ ತಗಡಿನ ಹಾಳೆ! ಅಭ್ಯಾಸದ ದಿನ ಬರೀ ರಟ್ಟಾಗಿತ್ತು. ಅದೂ ನನ್ನ ಪೆಟ್ಟಿಗೆಯ ಪಕ್ಕಕ್ಕೇ. ರಾಕೆಟ್ಟಿನ ಒಳಗೆ ನಾಟಕ ಸಂಘದ ತೀಖೋನ್, ನಮ್ಮ ಬೀದಿಯ ಕೊಳಾಯಿ ರಿಪೇರಿಯವನು. ಹೊರಡುವ ಹೊತ್ತಿಗೆ ರಾಕೆಟ್ ನಡುಗುವಂತೆ ಒಳಗಿನಿಂದ ಅಲುಗಾಡಿಸುವುದೇ ಅವನ ಪಾತ್ರ. ಗುಂಡನೆಯ ಕಿಟಕಿಯಿಂದ ಮುಖ ಹೊರಗೆ ಹಾಕಿ ನನಗೆ ಕಣ್ಣು ಹೊಡೆದ. ಇಷ್ಟು ಲೋಹ ಪಕ್ಕದಲ್ಲಿ ಕುಣಿದರೆ ನನ್ನ ಪೆಟ್ಟಿಗೆಯಲ್ಲಿ ಯಾವ ಸ್ವರವೂ ತನ್ನ ಜಾಗದಲ್ಲಿ ಇರುವುದಿಲ್ಲ ಎಂದು ರೋಸ್ತಿಕ್‌ಗೆ ಹೇಳಿದೆ. ಇನ್ನೂ ಒಳ್ಳೇದಾಯ್ತಲ್ಲ ಎಂದು ಕೈ ಉಜ್ಜಿಕೊಂಡ.

ದೀಪ ಆರಿತು, ಹೊಗೆ ಬಂತು. ನಾನು ಪೆಟ್ಟಿಗೆಯನ್ನು ಅದರ ಸ್ಟ್ಯಾಂಡ್ ಸಮೇತ ಪರದೆಯ ಮುಂದಕ್ಕೆ ದಬ್ಬಿಕೊಂಡು ಬಂದು ಬೆಳಕಿನಲ್ಲಿ ನಿಂತೆ. ಎಡಗೈ ಸದ್ದು ಏರಿಸಿಳಿಸುವ ಲೋಹದ ಬಳೆಯ ಮೇಲೆ, ಬಲಗೈ ಸ್ವರದ ಕಡ್ಡಿಯ ಹತ್ತಿರ. ಲಾಲಿಯ ಮೊದಲ ಸ್ವರ ಎತ್ತಿದೆ. ಸರಿಯಾಗಿಯೇ ಬಂತು. ಎರಡನೆಯದಕ್ಕೆ ತೀಖೋನ್ ತನ್ನ ಪಾತ್ರ ಶುರು ಮಾಡಿದ. ನನ್ನ ಸ್ವರ ಮೆಟ್ಟಿಲು ತಪ್ಪಿ ಉರುಳಿತು. ಮೂರನೆಯದು ಇನ್ನೂ ಕೆಟ್ಟದಾಯಿತು. ಮುಂದಿನ ಸಾಲಿನಲ್ಲಿ ಒಂದು ಹುಡುಗಿ, ತಲೆಗೆ ದೊಡ್ಡ ಬಿಳಿ ರಿಬ್ಬನ್, ಗಟ್ಟಿಯಾಗಿ ತನ್ನಜ್ಜಿಗೆ ಹೇಳಿತು, "ಅಜ್ಜೀ, ಅದು ಹಾಗಲ್ಲ." ಸಭೆ ನಕ್ಕಿತು.

ನೀನು ಹೇಳಿದ ಹಾಗೇ ಆಯಿತು, ಪುಟ್ಟ ಮಗುವೇ ಹಿಡಿಯಿತು. ಒಂದು ಗಳಿಗೆ ನನಗೆ ನೆಲ ಬಾಯಿಬಿಡಲಿ ಅನ್ನಿಸಿತು. ಪಕ್ಕದಿಂದ ರೋಸ್ತಿಕ್ ಬಗ್ಗಿಕೊಂಡು ಬಂದು, ಊಳಿಡಿಸಿ ಊಳಿಡಿಸಿ ಎಂದು ಹಲ್ಲು ಕಚ್ಚಿ ಕೈ ಬೀಸುತ್ತಿದ್ದ. ಅವನು ಹತ್ತಿರ ಬಂದಷ್ಟೂ ಪೆಟ್ಟಿಗೆ ಕಿರುಚಿತು. ಬೇಕಿದ್ದರೆ ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಎರಡು ಸಲ ಊ ಎನಿಸಿದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಮುಂದಿನ ವರ್ಷವೂ ಜಾಗವಿರುತ್ತಿತ್ತು.

ಆಗ ನೆನಪಾಯಿತು ನೋಡು. ನೀನು ಓಮ್ಸ್ಕ್‌ಗೆ ಹೊರಟ ದಿನ. ಟ್ಯಾಕ್ಸಿ ಕೆಳಗೆ ಕಾಯುತ್ತಿತ್ತು, ಹೊರಡುವ ಮುಂಚೆ ಪ್ರಯಾಣ ಸುಖವಾಗಲೆಂದು ಪದ್ಧತಿಯಂತೆ ಎಲ್ಲರೂ ಒಂದು ನಿಮಿಷ ಕೂತೆವು. ನೀನು ಸೂಟ್‌ಕೇಸಿನ ಮೇಲೆ, ಅಪ್ಪ ಕಿಟಕಿಯ ಕಟ್ಟೆಯ ಮೇಲೆ, ಕ್ಲಾವಾ ಬಾಗಿಲಲ್ಲಿ ಬೂಟಿನ ಸ್ಟೂಲಿನ ಮೇಲೆ. ನಾನು ಪೆಟ್ಟಿಗೆ ಆರಿಸುವುದನ್ನು ಮರೆತಿದ್ದೆ. ಬೆಳಗಿನಿಂದ ನಿಮ್ಮೆಲ್ಲರ ಓಡಾಟಕ್ಕೆ ಕೊಯ್ಯೋ ಎನ್ನುತ್ತಿದ್ದ ಅದು, ನಾವೆಲ್ಲ ಕೂತ ಆ ಒಂದು ನಿಮಿಷ ಒಂದೇ ಸ್ವರದಲ್ಲಿ ನಿಂತಿತು.

ಕೈ ತೆಗೆದೆ. ಸಭೆಗೆ ಹೇಳಿದೆ, "ರಾಕೆಟ್ ಹೊರಡ್ತಾ ಇದೆ. ನಿಮ್ಮ ಮನೇಲಿ ಯಾರಾದ್ರೂ ಕೂರದೆ ಪ್ರಯಾಣ ಹೊರಡ್ತಾರಾ?"

ನಗು ನಿಂತಿತು. ಬಾಗಿಲ ಬಳಿ ನಿಂತವರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ಕುರ್ಚಿಯಲ್ಲಿದ್ದವರು ಕೈಗಳನ್ನು ಮಡಿಲಿಗೆ ತಂದುಕೊಂಡರು, ಟೋಪಿ ತೆಗೆದರು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ, ಎಲ್ಲರೂ ಮನೆಯಲ್ಲಿ ಮಾಡುವುದೇ ತಾನೆ. ರಾಕೆಟ್ಟಿನ ಒಳಗಿನಿಂದ ತೀಖೋನ್ ನಾನೂ ಕೂರಬೇಕಾ ಚಿಕ್ಕಮ್ಮ ಎಂದು ಕೇಳಿದ. ಹೋಗೋನೇ ನೀನಲ್ವೇನೋ ಎಂದೆ. ಧೊಪ್ಪನೆ ಕೂತ, ಕಿಟಕಿಯಿಂದ ಅವನ ಮುಖ ಮಾಯವಾಯಿತು. ಉಳಿದವನು ರೋಸ್ತಿಕ್ ಒಬ್ಬ, ವೇದಿಕೆಯ ನಡುವೆ, ಕೈ ಇನ್ನೂ ಗಾಳಿಯಲ್ಲಿ.

"ಕೂತ್ಕೋ ರೋಸ್ತಿಕ್," ಎಂದೆ. "ಅಪಶಕುನ ಮಾಡ್ಬೇಡ."

ಅವನು ಸೂಟು ಹಾಕಿಕೊಂಡೇ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಆ ಮೌನದಲ್ಲಿ ನಾನು ತಿರುಪು ತಿರುಗಿಸಿ ಸ್ವರ ಕೂಡಿಸಿಕೊಂಡೆ. ರಾಕೆಟ್ ಇದ್ದಲ್ಲೇ ಇತ್ತು, ಅಲುಗಾಡದ ಲೋಹ ನನಗೇನು ಮಾಡೀತು? ಲಾಲಿಯನ್ನು ಮೊದಲಿನಿಂದ ನುಡಿಸಿದೆ. ಒಂದು ಸ್ವರವೂ ಜಾರಲಿಲ್ಲ ಎಂದು ನಾನು ಹೇಳಿದರೆ ಜಂಬ ಅನ್ನುತ್ತೀಯ, ಹಾಗಾಗಿ ರಿಬ್ಬನ್ನಿನ ಹುಡುಗಿ ಏನು ಮಾಡಿತೆಂದು ಹೇಳುತ್ತೇನೆ: ಅಜ್ಜಿಯ ತೋಳಿಗೆ ತಲೆ ಒರಗಿಸಿತು. ಎರಡನೇ ಸುತ್ತಿಗೆ ಜನ ಬಾಯಿ ತೆರೆಯದೆ ಗುನುಗತೊಡಗಿದರು. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ತಪ್ಪಾಗಿ ಗುನುಗಿದವಳು ನಮ್ಮ ಕ್ಲಾವಾ. ಮುಗಿದ ಮೇಲೂ ಯಾರೂ ಬೇಗ ಏಳಲಿಲ್ಲ. ನನಗೆ ಬಹಳ ಸಂತೋಷವಾಯಿತು ಕೀರಾ. ಇಷ್ಟು ಸಂತೋಷವಾಗಿ ಎಷ್ಟೋ ವರ್ಷವಾಗಿತ್ತು.

ರೋಸ್ತಿಕ್ ಪ್ಯಾಂಟಿನ ಧೂಳು ಕೊಡವಿಕೊಂಡು ಬಂದು, ಸ್ವರದಲ್ಲಿ ಆ ಕಂಪನ ಎಷ್ಟು ಚೆನ್ನಾಗಿತ್ತು, ಮನುಷ್ಯರ ಗಂಟಲಿನ ಹಾಗೇ ಇತ್ತು ಎಂದ. ಅದನ್ನು ಹೇಳಿ ಮುಗಿಸಿದ ಮೇಲೆ, ಆದರೂ ಕೊಟ್ಟ ಮಾತು ಮಾತೇ, ಮೇ ತಿಂಗಳ ಹಬ್ಬಕ್ಕೆ ನಿಮ್ಮ ಹೆಸರಿಲ್ಲ ಎಂದ. ಬೇಡ ಬಿಡಪ್ಪ ಅಂದೆ. ನಾನು ಅಳುತ್ತೇನೆಂದು ಕಾಯುತ್ತಿದ್ದನೋ ಏನೋ, ಪಾಪ, ಕಾದು ಕಾದು ಹೋದ.

ಈಗ ಕೇಳು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇದೆಯಲ್ಲ, ಅಲ್ಲಿ ಭಾನುವಾರ ಮಧ್ಯಾಹ್ನ ಯಾರೂ ಒಗೆಯುವುದಿಲ್ಲ. ಕ್ಲಾವಾ ಬೀಗದ ಕೈ ತಂದಿದ್ದಾಳೆ. ತೀಖೋನ್ ಬೆಂಚು ತರುತ್ತಾನಂತೆ. ಕೊಳಾಯಿಗಳ ನಡುವೆ ಸ್ವರ ಕೂಡಿಸುವುದು ಕಷ್ಟ, ಕೂಡಿಸುತ್ತೇನೆ. ವಾಲ್ಟ್ಜ್ ನುಡಿಸುತ್ತೇನೆ, ಲಾಲಿ ನುಡಿಸುತ್ತೇನೆ, ಯಾರಿಗೆ ಏನು ಗೊತ್ತೋ ಅದನ್ನೆಲ್ಲ ನುಡಿಸುತ್ತೇನೆ, ತಪ್ಪು ಹಿಡಿಯುವವರೆಲ್ಲ ಬಂದು ಮುಂದೆ ಕೂರಲಿ. ನೀನೂ ಮೇ ರಜೆಗೆ ಬಾ. ಆದರೆ ರೋಸ್ತಿಕ್ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಲು ಬರುವುದಾದರೆ ಓಮ್ಸ್ಕ್‌ನಲ್ಲೇ ಇರು.

ಸೋಲದ, ಸೋಲುವ ಯೋಚನೆಯೂ ಇಲ್ಲದ
ನಿನ್ನ ಅಮ್ಮ
ರಿಮ್ಮಾ

ಮರೆತ ಮಾತು: ಪೆನ್ನಿನದೇನೂ ತಪ್ಪಿಲ್ಲ, ಒಳ್ಳೆಯ ಪೆನ್ನು. ಹೊಸ ವರ್ಷಕ್ಕೆ ಬಂದಿದ್ದಾಗ ನಾನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದದ್ದನ್ನು ನೀನು ನೋಡಿದೆ. ಬಿಸಿ ಇದೆ ಎಂದೆ. ಬಿಸಿ ಇರಲಿಲ್ಲ. ಊಳಿಡಿಸು ಎಂದು ನೀನು ಬರೆದದ್ದು ಯಾಕೆಂದು ಅರ್ಥವಾಗಲು ನನಗೆ ಸಕ್ಕರೆ ಡಬ್ಬಿ ಬಹಳ ಸಲ ಎತ್ತಬೇಕಾಯಿತು. ಊಳಿಡುವಾಗ ಕೈ ನಡುಗಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲವೇ? ರೋಸ್ತಿಕ್ ಮೆಚ್ಚಿದ ಕಂಪನ ಆ ನಡುಕವೇ. ಅದು ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೇ ಅದನ್ನು ಸ್ವರದ ಎರಡೂ ಬದಿಗೆ ಸಮನಾಗಿ ಹಂಚುವುದನ್ನು ಚಳಿಗಾಲವೆಲ್ಲ ಕಲಿತೆ. ನಾಳೆ ಹಂಚಲಾಗದಿದ್ದರೆ ಆ ರಿಬ್ಬನ್ನಿನ ಹುಡುಗಿ ಹೇಳುತ್ತದೆ, ಆಗ ನಿಲ್ಲಿಸುತ್ತೇನೆ. ನೀನೂ ರೋಸ್ತಿಕ್ಕೂ ಹೇಳಿದರೆ ಇಲ್ಲ. ಬಂದಾಗ ನನ್ನ ಲೋಟ ಅರ್ಧ ಮಾತ್ರ ತುಂಬಿಸು, ನಾನು ಕುಡಿಯುವಾಗ ಕಿಟಕಿಯ ಕಡೆ ನೋಡುತ್ತ ಕೂರು.