ಟಾರ್ಚ್ ಬೆಳಕು ಬಿದ್ದ ಜಾಗ

ಮಾರ್ಚ್ 11, ಮಂಗಳವಾರ. ದಬ್ಬೇಘಟ್ಟ

ರಾಗಿ ಗಂಜಿ ಕುಡಿದೆ. ಬಲಗೆನ್ನೆಯ ಒಳಗಿನ ಗಡ್ಡೆಗೆ ತಾಗದ ಹಾಗೆ, ಎಡಗಡೆಯಿಂದಲೇ. ಕೂತಿರುವುದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಮನೆಯಲ್ಲಿ ಹೆಚ್ಚು ಕತ್ತಲಿರುವುದು ಇಲ್ಲೇ. ಕಿಟಕಿಗೆ ಇವರು ಗೋಣಿಚೀಲ ಹೊಡೆದಿದ್ದಾರೆ. ಝೀರೋ ಬಲ್ಬಿನಲ್ಲಿ ಬರೆಯುತ್ತಿದ್ದೇನೆ. ಮೇಲೆ ಇಲಿ ಓಡಿ ಕಾಯಿ ಉರುಳಿದರೂ ಎದೆ ಧಸಕ್ಕೆನ್ನುತ್ತದೆ.

ನಿನ್ನೆ ಬೆಂಗಳೂರಿನಲ್ಲಿ ಇಂಜೆಕ್ಷನ್ ಆಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಪ್ಸೂಲ್‌ಗಳಂತೆ. ಒಳಗಿನ ಔಷಧಿ ಬೆಳಕು ತಾಗಿದರೆ ಮಾತ್ರ ಕೆಲಸ ಮಾಡುತ್ತದಂತೆ. ಅವು ಗಡ್ಡೆಗೆ ಹೋಗಿ ಸೇರಿಕೊಳ್ಳಬೇಕು. ಶುಕ್ರವಾರ ಡಾಕ್ಟರ್ ಜ್ಞಾನೇಶ್ ಲೇಸರ್ ಬಿಡುತ್ತಾರೆ, ಗಡ್ಡೆ ಸಾಯುತ್ತದೆ. ಹೊಸ ಟ್ರಯಲ್. ಆಗದಿದ್ದರೆ ದವಡೆ ಕತ್ತರಿಸುವುದೇ ಗತಿ. ಅಲ್ಲಿಯವರೆಗೆ ಬಿಸಿಲು, ಜೋರು ಬೆಳಕು ಬೀಳಕೂಡದು.

ಹಾಲಿನ ಡೈರಿಯಲ್ಲಿ ಇಷ್ಟು ವರ್ಷ ಎಲ್ಲರನ್ನೂ ಗದರಿಕೊಂಡೇ ಸೆಕ್ರೆಟರಿ ಕೆಲಸ ಮಾಡಿದವಳು ನಾನು. ದವಡೆ ಹೋದರೆ ಯಾರನ್ನು ಗದರಲಿ?

ಮಾರ್ಚ್ 12, ಮಧ್ಯಾಹ್ನ

ಆಸ್ಪತ್ರೆಯಿಂದ ಬಂದವರನ್ನು ನೋಡಿಕೊಂಡು ಹೋಗಬೇಕಲ್ಲ! ಬ್ರೆಡ್ಡು, ಎಳನೀರು ಹಿಡಿದು ಊರೇ ಬರುತ್ತಿದೆ. ಬಾಗಿಲಲ್ಲೇ ತಡೆಯಿರಿ ಎಂದರೆ ಇವರಿಗೆ ಸಂಕೋಚ. "ಬರಬ್ಯಾಡಿ ಅನ್ನಕ್ಕಾಯ್ತದೇನೇ?"

ಇವರ ಸೋದರತ್ತೆ ಬೋರಮ್ಮ ಹುಳಿಯಾರಿನಿಂದ ಬೆಳಗಿನ ಬಸ್ಸಿಗೇ ಬಂದರು.

"ಇದೇನೇ ವನಜಾ, ಬಾಣಂತಿ ಥರ ಕತ್ಲಲ್ಲಿ ಕುಂತಿದೀಯ? ಬಾಯ್ ತಗಿ, ನೋಡಾನ."

"ಬ್ಯಾಡಿ ಅತ್ತೆ, ಡಾಕ್ಟ್ರು—"

"ನಾನು ನೋಡ್ದಿರೋ ಹುಣ್ಣೇನೇ? ತಗಿ ಅಂದ್ರೆ."

ದೊಡ್ಡವರು. ಅಷ್ಟು ದೂರದಿಂದ ಬಂದವರು. ಆ ಎಂದೆ. ಮೊಬೈಲ್ ಟಾರ್ಚ್ ಹಾಕಿಯೇಬಿಟ್ಟರು! ಬಾಯೊಳಗೆ, ನಾಲಿಗೆ ಎತ್ತಿಸಿ, ಆ ಕಡೆ ಈ ಕಡೆ, ಸಾವಕಾಶವಾಗಿ. "ಅಯ್ಯೋ ಶಿವನೇ" ಎಂದು ಲೊಚಗುಟ್ಟಿ ಕಾಫಿ ಕುಡಿಯಲು ಹೋದರು.

ಬಾಯಿ ಮುಚ್ಚಿಕೊಳ್ಳಬಹುದಿತ್ತು. ನನ್ನ ಬುದ್ಧಿಗಿಷ್ಟು.

ಸಂಜೆ

ಉರಿ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಡಾಕ್ಟರಿಗೆ ಫೋನ್ ಮಾಡಿ ಟಾರ್ಚಿನ ವಿಷಯ ಹೇಳಿದೆ. ಬೈಯಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು.

"ಗಾಬರಿ ಬೇಡಮ್ಮ. ಔಷಧಿ ಕಾಯಿಲೆ ಇರೋ ಕಡೆನೇ ಜಾಸ್ತಿ ಸೇರೋದು, ಅದಕ್ಕೇ ಅಲ್ಲಿ ಉರೀತಿದೆ. ಲೇಸರ್ ಶುಕ್ರವಾರನೇ ಮಾಡೋಣ. ಬಾಯಲ್ಲಿ ಬೇರೆಲ್ಲೂ ಉರಿ ಇಲ್ಲ ತಾನೇ?"

"ಇಲ್ಲ" ಎಂದೆ.

ಮಾರ್ಚ್ 14, ಬೆಳಗಿನ ಜಾವ

ನಿನ್ನೆ ಬರೆಯಲಾಗಲಿಲ್ಲ.

ಡಾಕ್ಟರಿಗೆ ಸುಳ್ಳು ಹೇಳಿದ್ದೇನೆ. ನಾಲಿಗೆಯ ಕೆಳಗೂ ಉರಿಯುತ್ತಿದೆ. ಎಡಗಡೆ. ಅಲ್ಲಿ ಗಡ್ಡೆಯಿಲ್ಲ. ಸ್ಕ್ಯಾನಿನಲ್ಲಿ ಏನೂ ಕಂಡಿರಲಿಲ್ಲ. ಬೆರಳಿಟ್ಟರೆ ಸಾಸಿವೆಯಷ್ಟೂ ಸಿಗುವುದಿಲ್ಲ. ಆದರೂ ಔಷಧಿ ಅಲ್ಲಿಗೆ ಹೋಗಿದೆ. ಸುಮ್ಮನೆ ಹೋಗುತ್ತದೆಯೇ?

ಹೌದು ಎಂದರೆ ಲೇಸರ್ ಬಿಟ್ಟು ಕತ್ತರಿ ಹಿಡಿಯುತ್ತಾರೆ ಎನ್ನಿಸಿತು. ಹೇಳದಿದ್ದರೆ ಕೆನ್ನೆಯದು ಮಾತ್ರ ಸಾಯುತ್ತದೆ, ಇದು ಒಳಗೇ ಬೆಳೆಯುತ್ತದೆ. ದೇವರೇ.

ಬಿಸಿಲೇರುವ ಮೊದಲೇ ಹೊರಡಬೇಕೆಂದು ಇವರು ಕಾರಿನ ಗಾಜಿಗೆಲ್ಲ ಕಪ್ಪು ಬಟ್ಟೆ ಕಟ್ಟುತ್ತಿದ್ದಾರೆ. ಖುಷಿಯಲ್ಲಿದ್ದಾರೆ. "ಇವತ್ಗೆ ಮುಗೀತದೆ ಬುಡು ಕಣೇ" ಎಂದರು ಆಗಲೇ.

ದಾರಿಯಲ್ಲಿ ಹೇಳುವುದಾ? ಇಲ್ಲ, ಈಗಲೇ. ರೀ ಎಂದು ಕೂಗಿದೆ. ಬರುತ್ತಿದ್ದಾರೆ. ಏನೆಂದು ಶುರು—