ಎದೆಯ ಕೆಳಗಿನ ಬೊಕ್ಕೆಗಳು

ಭದ್ರಾವತಿ, ೧೪ ನವೆಂಬರ್ ೧೯೩೬, ಶನಿವಾರ

ಎಡ ಎದೆಯ ಕೆಳಗೆ ಎದ್ದ ಬೊಕ್ಕೆಗಳು ಇವತ್ತು ಬೆನ್ನಿನವರೆಗೆ ಹಬ್ಬಿವೆ. ಸೆರಗು ಸೋಕಿದರೂ ಕೆಂಡ ತಗುಲಿದ ಹಾಗೆ ಉರಿಯುತ್ತದೆ.

"ಸರ್ಪಸುತ್ತು ಕಣೇ ಇದು. ಬಸುರೀಲಿ ಹಿತ್ತಲ ಹುತ್ತ ಅಗೆಸಿದ್ಯಲ್ಲ, ಅದಕ್ಕೇ," ಎಂದರು ಅತ್ತೆ. ಅಗೆಸಿದ್ದು ನಾನಲ್ಲ, ನನ್ನ ಗಂಡ. ಎದುರಿಗೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

ನೋಡಲು ಬಂದ ಡಾಕ್ಟರನ್ನು ಇದು ಯಾಕೆ ಬಂತೆಂದು ಕೇಳಿದೆ. "ಬಾಣಂತನದ ನಿತ್ರಾಣ ಇರಬಹುದು, ರಕ್ತದ ದೋಷ ಇರಬಹುದು. ಇಂಥದ್ದೇ ಅಂತ ಹೇಳಕ್ಕಾಗಲ್ಲಮ್ಮ. ಮಗೂನ ಮಾತ್ರ ದೂರ ಇಡಿ," ಎಂದರು.

ಮಧ್ಯಾಹ್ನ ಪಾಪುವನ್ನು ಪಕ್ಕದ ಮನೆಯ ಪುಷ್ಪಮ್ಮನಿಗೆ ಕೊಟ್ಟರು, ಅವಳೂ ಬಾಣಂತಿ. ಗೋಡೆಯಾಚೆ ಅದು ಅತ್ತಾಗಲೆಲ್ಲ ನನ್ನ ಕುಪ್ಪಸ ಹಾಲಿಗೆ ಒದ್ದೆಯಾಗಿ ಬೊಕ್ಕೆಗಳು ಇನ್ನಷ್ಟು ಉರಿದವು. ಏನು ತಪ್ಪು ಮಾಡಿದೆನೋ ಎಂದು ಹುಡುಕಿ ಹುಡುಕಿ ಸಾಕಾಯಿತು.

ದೀಪ ಹಚ್ಚುವ ಹೊತ್ತಿಗೆ ಅಳು ನಿಂತಿತು. ಅವಳ ಹಾಲು ಕುಡಿಯಿತಂತೆ. ಸಮಾಧಾನ ಪಡಬೇಕು, ಆದರೆ ಅದು ಅಳುತ್ತಿದ್ದಾಗಲಾದರೂ ನನ್ನನ್ನೇ ಕರೆಯುತ್ತಿದೆ ಎಂದುಕೊಳ್ಳಬಹುದಿತ್ತು.